ಡೇರೆ, ಕ್ಯಾಂಪು, ಗುಳೆ

ಮಾನ್ವಿಯಿಂದ ಅಕ್ಕನ ಮಗ ಫೋನ್ ಮಾಡಿ, "ಮಾಮಾ, ದಸರಾ ಸೂಟಿಗೆ ಕ್ಯಾಂಪಿಂಗ್ ಹೋಗಣ. ಕಾಡಾಗ ಟೆಂಟ್ ಹಾಕ್ಕೊಂಡು ಮಲಗಣ" ಅಂದ. ರಾಯಚೂರಿನವರಿಗೆ ಕಾಡು ಅಂದ್ರೆ ಜಾಲಿ ಗಿಡ. ಜಿಲ್ಲೆಯೊಳಗೆ ರಾಷ್ಟ್ರೀಯ ಉದ್ಯಾನ ಅಂತ ಒಂದೂ ಇಲ್ಲ. ಹಾಗಾಗಿ ದಾಂಡೇಲಿ ಕಡೆ, ಅಣಶಿಗೆ ಹೋಗೋದು ಅಂತಾಯ್ತು. ರಾಯಚೂರಿಂದ ನಾವು, ಮಾನ್ವಿಯಿಂದ ಅಕ್ಕನ ಮನೆಯವರು, ದೇವದುರ್ಗದಿಂದ ಮಾಸ್ತರಿಕೆ ಮಾಡೋ ನನ್ನ ಗೆಳೆಯನ ಮನೆಯವರು. ಒಂದು ಭಾನುವಾರ ನಮ್ಮನೆ ಪಡಸಾಲೆಯಲ್ಲಿ ಕೂತು ಪಟ್ಟಿ ಬರೆದೆವು. ಅಳಿಯ ಟೆಂಟು, ಟಾರ್ಚು, ಮ್ಯಾಗಿ ಅಂತ ಬರೆದ. ನಾನು ಅವೆಲ್ಲದರ ಮೇಲೆ ಜಾಗ ಮಾಡ್ಕೊಂಡು 'ನೀರು' ಅಂತ ಬರೆದೆ. ಈ ಊರಲ್ಲಿ ಹುಟ್ಟಿದವರು ಎಲ್ಲಿಗೆ ಹೊರಟರೂ ಪಟ್ಟಿ ಅಲ್ಲಿಂದಲೇ ಶುರುವಾಗೋದು.

ವಿಚಾರಿಸಿದಾಗ ಗೊತ್ತಾಯ್ತು, ರಾಷ್ಟ್ರೀಯ ಉದ್ಯಾನದೊಳಗೆ ನಮಗೆ ಬೇಕಾದಲ್ಲಿ ಡೇರೆ ಹೊಡೆಯೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಒಳಗೆ ಕಾಲಿಡೋಕೇ ಪರವಾನಗಿ ಬೇಕು. ಬೆಂಕಿ ಹಚ್ಚೋ ಮಾತಂತೂ ಎತ್ತಬಾರದು. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯ್ತು. ದಾಂಡೇಲಿ ಅಭಯಾರಣ್ಯದ ಜೊತೆ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಲ್ಲಿ ಕಾಳಿ ಅನ್ನೋ ಹೆಸರು ಬಂತು. ದಾಂಡೇಲಿ ಹತ್ತಿರ ಕುಳಗಿ ಅನ್ನೋಲ್ಲಿ ಅರಣ್ಯ ಇಲಾಖೆಯೇ ಡೇರೆ ಹಾಕಿಟ್ಟಿದೆ, ಒಳಗೆ ಮಂಚವೂ ಉಂಟು. ಅಳಿಯನ ಮುಖ ಸಣ್ಣದಾಯ್ತು. "ಮಂಚ ಇರೋದು ಯಾವ ಟೆಂಟ್ ಮಾಮಾ?" ಅಂದ.

"ಔರಂಗಜೇಬಂದು" ಅಂದೆ.

ತಮಾಷೆಗೆ ಅಂದಿದ್ದು. ಆದರೆ ಆಮೇಲೆ ಯೋಚಿಸಿದಂತೆಲ್ಲ, ಡೇರೆ ಹಾಕೋದರಲ್ಲಿ ನಮ್ಮ ದೋಆಬಿಗೆ ಇರೋವಷ್ಟು ಅನುಭವ ಬೇರೆ ಸೀಮೆಗೆ ಇದೆಯೋ ಇಲ್ಲವೋ ಅನ್ನಿಸಿತು. ಎರಡು ಹೊಳೆಗಳ ನಡುವಿನ ಈ ನೆಲಕ್ಕಾಗಿ ಬಡಿದಾಡಿದವರೆಲ್ಲ ಇಲ್ಲಿ ಬಂದು ಗೂಟ ಹೊಡೆದವರೇ. ಹಳೇ ಶಾಸನಗಳಲ್ಲಿ ಅರಸ ಇಂಥಾ 'ನೆಲೆವೀಡಿನಲ್ಲಿ' ಇದ್ದು ಸುಖವಾಗಿ ರಾಜ್ಯವಾಳುತ್ತಿದ್ದ ಅಂತ ಬರುತ್ತದಲ್ಲ, ಅಲ್ಲಿನ ಬೀಡು ಅಂದ್ರೂ ತಂಗೋ ಜಾಗವೇ. ಔರಂಗಜೇಬ ದಖನ್ನಿನಲ್ಲಿ ಕಳೆದ ಕೊನೆಯ ಇಪ್ಪತ್ತೈದು ವರ್ಷಗಳಲ್ಲಿ ಬಹುಪಾಲು ಪಾಳೆಯದಲ್ಲೇ ಹೋಯ್ತು. 1695ರಲ್ಲಿ ಕೃಷ್ಣಾ ದಂಡೆಯ ಗಲಗಲಿಯಲ್ಲಿ ಆ ಪಾಳೆಯ ನೋಡಿದ ಇಟಲಿಯ ಕರೇರಿ, ಅದರ ಸುತ್ತಳತೆ ಮೂವತ್ತು ಮೈಲಿ, ಒಳಗೆ 250 ಬಜಾರು ಅಂತ ಬರೆದಿದ್ದಾನೆ. ಮೊಗಲರ ಹತ್ತಿರ ಯಾವಾಗಲೂ ಎರಡು ಜೊತೆ ಡೇರೆ ಇರುತ್ತಿದ್ದವು. ಬಾದಶಹ ಒಂದರಲ್ಲಿ ಮಲಗಿರುವಾಗಲೇ ಇನ್ನೊಂದು ಜೊತೆ ಮುಂದಿನ ಊರಿಗೆ ಹೋಗಿ ನಿಂತಿರುತ್ತಿತ್ತು. 1705ರಲ್ಲಿ ದೇವದುರ್ಗದಿಂದ ಹೊಳೆ ದಾಟಿದರೆ ಸಿಗೋ ಸುರಪುರ ಸೀಮೆಯಲ್ಲಿ, ಬೇಡ ನಾಯಕರ ವಾಗಿನಗೇರಿ ಕೋಟೆಗೆ ಮುತ್ತಿಗೆ ಹಾಕಿ ಗೆದ್ದ ಮೇಲೆ ಮುದುಕ ಬಾದಶಹ ಜಡ್ಡು ಬಿದ್ದದ್ದೂ ಡೇರೆಯಲ್ಲೇ, ದೇವಾಪುರದಲ್ಲಿ.

ಆದರೆ ನನಗೆ ಹೆಚ್ಚು ಹತ್ತಿರದ್ದು 1520ರ ಪಾಳೆಯ. ಅದು ಇದ್ದದ್ದು ನಮ್ಮ ಊರ ಬಾಗಿಲಲ್ಲೇ. ಕೃಷ್ಣದೇವರಾಯ ರಾಯಚೂರು ಕೋಟೆ ಹಿಡಿಯೋಕೆ ವಿಜಯನಗರದಿಂದ ಬಂದ. ಈಗ ನಾವು ಮಾನ್ವಿ, ಸಿಂಧನೂರು, ಗಂಗಾವತಿ ಅಂತ ದಾಂಡೇಲಿಗೆ ಹೊರಟಿರೋ ದಿಕ್ಕಿಗೆ ಸರಿಯಾಗಿ ಎದುರಿಂದ. ಊರಿಗೆ ಹರದಾರಿ ದೂರದ ಮಲಿಯಾಬಾದಿನ ಹತ್ತಿರ ಮೊದಲು ಇಳಿದ. ಮೇ 19ರಂದು ಇಸ್ಮಾಯಿಲ್ ಆದಿಲ್ ಶಾಹನ ಜೊತೆ ದೊಡ್ಡ ಕದನ ಆಯ್ತು. ಆದಿಲ್ ಶಾಹ ಹೊಳೆ ದಾಟಿ ಬಂದು ಅದನ್ನು ಬೆನ್ನಿಗಿಟ್ಟುಕೊಂಡು ನಿಂತಿದ್ದ. ಸೋತು ಓಡುವಾಗ ಅವನ ಮಂದಿಗೆ ಅದೇ ಹೊಳೆ ಮುಳುವಾಯ್ತು. ಮೇ ತಿಂಗಳ ರಾಯಚೂರು ಹೇಗಿರುತ್ತದೆ ಅಂತ ನಾನು ಹೇಳಬೇಕಿಲ್ಲ.

ಈ ದಂಡಯಾತ್ರೆಯ ವಿವರ ನಮಗೆ ಸಿಗೋದು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್‌ನ ಬರವಣಿಗೆಯಿಂದ. ರಾಬರ್ಟ್ ಸಿವೆಲ್ 1900ರಲ್ಲಿ ಅದನ್ನು ಇಂಗ್ಲಿಷಿಗೆ ತಂದ. ನ್ಯೂನಿಜ್ ಕೊಡೋ ಕಾಲಾಳುಗಳ ಲೆಕ್ಕ ಕೂಡಿದರೆ ಏಳು ಲಕ್ಷ ದಾಟುತ್ತದೆ. ನಾನಂತೂ ನಂಬುವುದಿಲ್ಲ. ಆದರೆ ಅವನ ಕಣ್ಣು ಸಣ್ಣ ಸಂಗತಿಗಳ ಮೇಲೂ ಇದೆ. ರಾಯನ ಡೇರೆ ಸುತ್ತ ಮುಳ್ಳಿನ ಬೇಲಿ, ಅದಕ್ಕೆ ಒಂದೇ ಬಾಗಿಲು. ಪಾಳೆಯದೊಳಗೆ ಬೀದಿಗಳು, ಸಂತೆ, ಅಕ್ಕಸಾಲಿಗರು, ಅಗಸರು. ಇಂಥ ಬೆಂಗಾಡಿನಲ್ಲಿ ಇದೆಲ್ಲ ಹೇಗೆ ಸಿಕ್ಕಿತು ಅಂತ ಅವನಿಗೇ ಅಚ್ಚರಿ. ಅದಕ್ಕಿಂತ ಮುಖ್ಯವಾದ್ದು ಇನ್ನೊಂದು. ದಂಡು ದಾಟಿದ ಒಂದು ಹಳ್ಳದಲ್ಲಿ ಮೊದಲು ಮೊಣಕಾಲರ್ಧ ನೀರಿತ್ತಂತೆ. ಅರ್ಧ ಮಂದಿ ದಾಟೋದರೊಳಗೆ ಒಂದು ಹನಿ ಇಲ್ಲದೆ ಬರೀ ಉಸುಕು ಉಳಿಯಿತು. ಹಿಂದೆ ಬಂದವರು ಉಸುಕಿನಲ್ಲಿ ಕುಣಿ ತೋಡಿ ನೀರು ಹುಡುಕಿದರು. ನಮ್ಮ ಹಳ್ಳಿಗಳಲ್ಲಿ ವರತಿ ತೋಡೋದು ಅಂತೀವಲ್ಲ, ಅದೇ. ನೀರಡಿಸಿ ಯಾರೂ ಸಾಯಬಾರದು ಅಂತ ದಾರಿಯುದ್ದಕ್ಕೂ ಚರ್ಮದ ಚೀಲ ಹೊತ್ತ ನೀರಿನಾಳುಗಳು, ಹನ್ನೆರಡು ಸಾವಿರ.

ಈ ಸಂಖ್ಯೆಯನ್ನೂ ಅರ್ಧ ಮಾಡ್ರಿ, ಕಾಲು ಮಾಡ್ರಿ. ಆದರೂ ಅಷ್ಟು ಮಂದಿ ಪಖಾಲಿ ಹೊತ್ತು ಉರಿಬಿಸಿಲಲ್ಲಿ ನಿಂತದ್ದು ನಿಜ ಇರಲೇಬೇಕು. ಇಲ್ಲದಿದ್ದರೆ ದಂಡು ರಾಯಚೂರು ಮುಟ್ಟುತ್ತಿರಲಿಲ್ಲ. ದಳವಾಯಿಗಳ ಹೆಸರು ಪುಸ್ತಕದಲ್ಲಿವೆ. ಕೋಟೆ ಮೇಲಿದ್ದವರಿಗೆ ಕೋವಿಯಿಂದ ಗುರಿಯಿಟ್ಟ ಕ್ರಿಸ್ಟೋವಾವ್ ದ ಫಿಗೇರೆದೊ ಹೆಸರೂ ಇದೆ. ನೀರು ಹೊತ್ತವರದು ಒಂದೂ ಇಲ್ಲ. ಹಳ್ಳ ಬತ್ತಿದ ಮೇಲೆ ಆ ದಂಡೆಯ ಊರಿನವರು ಏನು ಕುಡಿದರು ಅನ್ನೋದೂ ಇಲ್ಲ.

ಬಹುಶಃ ಅವರು ಊರಲ್ಲೇ ಇರಲಿಲ್ಲ. ಮೈಸೂರಿನ ಇತಿಹಾಸ ಬರೆದ ವಿಲ್ಕ್ಸ್, 1810ರಲ್ಲಿ ಬಂದ ತನ್ನ ಮೊದಲ ಸಂಪುಟದಲ್ಲಿ 'ವಲಸೆ' ಅನ್ನೋ ನಮ್ಮ ಮಾತನ್ನು ಬಿಡಿಸಿ ಹೇಳಿದ್ದಾನೆ. ದಂಡು ಬರುತ್ತದೆ ಅಂತ ಸುದ್ದಿ ಬಂದರೆ ಜನ ಭಾರದ ಸಾಮಾನು ಹುಗಿದಿಟ್ಟು, ಆರು ವರ್ಷ ದಾಟಿದ ಕೂಸಿನ ತಲೆ ಮೇಲೂ ಹೊರುವಷ್ಟು ಕಾಳು ಹೊರಿಸಿ, ಇಡೀ ಸೀಮೆ ಖಾಲಿ ಮಾಡಿ ಹೊರಡುತ್ತಿದ್ದರು. ಅವರದೂ ಒಂದು ಕ್ಯಾಂಪಿಂಗ್ ಪ್ಲಾನೇ. ಏನು ಹೊರಬೇಕು, ಏನು ಬಿಡಬೇಕು, ಎಲ್ಲಿ ನೀರಿದೆ. ನಮ್ಮ ಕಡೆ ಅದಕ್ಕೆ 'ಗುಳೆ' ಅಂತೀವಿ.

ಕ್ಯಾಂಪು ಅನ್ನೋ ಇಂಗ್ಲಿಷ್ ಮಾತು ಬಂದ ಮೇಲೂ ನಮ್ಮ ಜಿಲ್ಲೆ ಅದಕ್ಕೆ ತನ್ನದೇ ಅರ್ಥ ಕೊಟ್ಟಿತು. ಕಚೇರಿಗೆ ಹೋದರೆ "ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರ್ರಿ, ನಾಳಿ ಬರ್ರಿ" ಅಂತಾರೆ. ಅದು ಒಂದು. ಸಿಂಧನೂರು, ಮಾನ್ವಿ ಕಡೆ ಹೋದರೆ ಕ್ಯಾಂಪು ಅಂದ್ರೆ ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕರಾವಳಿ ಜಿಲ್ಲೆಗಳಿಂದ ರೈತರು ಬಂದು ಹೊಲ ಕೊಂಡರು. ಹೊಲದ ಬದುವಿಗೇ ಗುಡಿಸಲು ಹಾಕಿಕೊಂಡರು. ಈಗ ಅಲ್ಲಿ ಆರ್‌ಸಿಸಿ ಮನೆ, ಅಕ್ಕಿ ಗಿರಣಿ ಎಲ್ಲ ಇವೆ. ಹೆಸರು ಮಾತ್ರ ಇಂದಿಗೂ ಕ್ಯಾಂಪು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರು ಸಿಂಧನೂರಿನ ಹತ್ತಿರ ನೆಲೆಸಿದ ಊರುಗಳೂ ಆರ್.ಎಚ್. ಕ್ಯಾಂಪುಗಳೇ. ಮಾನ್ವಿ ಕಡೆಯವರು ಕಾಲುವೆಯ ಕೊನೇ ಭಾಗದವರು, ಟೇಲ್ ಎಂಡ್. ಮೇಲಿನವರ ಗದ್ದೆ ತುಂಬಿದ ಮೇಲೆ ಉಳಿದರೆ ಇವರಿಗೆ ನೀರು. ನ್ಯೂನಿಜ್‌ನ ಹಳ್ಳದ ಲೆಕ್ಕವೇ.

ನಾನು ಇದೆಲ್ಲ ಹೇಳುತ್ತಿದ್ದಾಗ ದೇವದುರ್ಗದ ಗೆಳೆಯ ಸುಮ್ಮನೆ ಕೂತಿದ್ದ. ಆಮೇಲೆ ಅಂದ: "ನನ್ನ ಕ್ಲಾಸಿನ್ಯಾಗ ಟೆಂಟಿನ ವಿಷಯ ಎತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತು, ಸರ್, ನಾವು ಆರು ತಿಂಗಳು ಅದರಾಗೇ ಇರ್ತೀವಲ್ರಿ ಅಂದ." ದೀಪಾವಳಿ ಮುಗಿದರೆ ಅವನ ಶಾಲೆಯ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಅಪ್ಪ ಅವ್ವನ ಜೊತೆ ಮಕ್ಕಳೂ ಬೆಂಗಳೂರು ಬಸ್ಸು ಹತ್ತುತ್ತಾರೆ.

ಅಂಥದೊಂದು ಕ್ಯಾಂಪು ನಾನೂ ನೋಡಿದ್ದೇನೆ. ಬೆಂಗಳೂರಲ್ಲಿ ಸಂಬಂಧಿಕರ ಮನೆಗೆ ಹೋದಾಗ, ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಹಿಂದೆ ನೀಲಿ ತಾಡಪಾಲಿನ ಜೋಪಡಿಗಳ ಸಾಲು. ನಾನು ಫೋನಿನಲ್ಲಿ ಮಾತಾಡೋದು ಕೇಳಿ ಒಬ್ಬ ಹೆಣ್ಣುಮಗಳು, "ಯಣ್ಣಾ, ನಮ್ ಕಡ್ಯಾವ್ರೇನು?" ಅಂತ ಕರೆದಳು. ದೇವದುರ್ಗ ತಾಲೂಕಿನವಳು. ಬರುವಾಗ ಏನೇನು ತಂದಿರಿ ಅಂತ ಕೇಳಿದೆ. ಬೆರಳು ಮಡಚಿ ಹೇಳಿದಳು: ಒಂದು ಚೀಲ ಜೋಳ, ಖಾರಪುಡಿ, ತವೆ, ಎರಡು ಕೊಡ, ತಾಡಪಾಲು, ಹಗ್ಗ, ಕೂಸಿಗೆ ತೊಟ್ಟಿಲು ಕಟ್ಟೋಕೆ ಹಳೇ ಸೀರೆ. ನೀರಿಗೇನು ಮಾಡ್ತೀರವ್ವಾ ಅಂದೆ. "ಟ್ಯಾಂಕರ್ ಬರ್ತೈತಿ. ಕಾಂಕ್ರೀಟಿಗೆ ಹಾಕಿ ಉಳಿದ್ರ ನಮಗ" ಅಂದಳು. ಅವಳ ಪಟ್ಟಿಯಲ್ಲಿ ಬೇಡದ್ದು ಒಂದೂ ಇರಲಿಲ್ಲ.

ನಮ್ಮ ಪಟ್ಟಿ ಆ ಭಾನುವಾರ ಎರಡು ಹಾಳೆ ಆಯ್ತು. ಗೆಳೆಯ ದಸರಾ ಸೂಟಿಯ ಮೊದಲ ವಾರವೇ ಹೋಗಿಬರಣ ಅಂದ. ಸೂಟಿ ಮುಗಿಯೋದರೊಳಗೆ ಅವನು ಮನೆಮನೆಗೆ ಹೋಗಿ, ಗುಳೆ ಹೊರಡೋರ ಮಕ್ಕಳಲ್ಲಿ ಕೆಲವರನ್ನಾದರೂ ಅಜ್ಜಿ ಹತ್ತಿರ ಬಿಟ್ಟು ಹೋಗ್ರಿ ಅಂತ ಕೇಳಬೇಕಿತ್ತು. ಆಗಲಿ ಅಂದೆವು.

ರಾತ್ರಿ ಮಾನ್ವಿಯಿಂದ ಮತ್ತೆ ಫೋನ್ ಬಂತು. "ಮಾಮಾ, ಕುಳಗಿ ಹತ್ರನೇ ಕಾಳಿ ಹೊಳಿ ಐತಂತ, ವರ್ಷಪೂರ್ತಿ ನೀರಂತ. ಕ್ಯಾನ್ ಹಾಕ್ಕೊಂಡ್ರ ಗಾಡಿಯೊಳಗ ಕೂಡಾಕ ಜಾಗಾನೇ ಇರಂಗಿಲ್ಲ. ಬಿಡಣೇನು?"

ಇರ್ಲಿ, ಎರಡು ಕ್ಯಾನ್ ಹಾಕು ಅಂದೆ.