ಕಪ್ಪತಗುಡ್ಡ ವನ್ಯಜೀವಿ ಧಾಮ: ಸಂದರ್ಶಕರಿಗೆ ಮಾಹಿತಿ

ಪರಿಚಯ

ಕಪ್ಪತಗುಡ್ಡವು ಗದಗ ಜಿಲ್ಲೆಯ ಗದಗ, ಮುಂಡರಗಿ ಹಾಗೂ ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಬೆಟ್ಟಸಾಲು. ಬಯಲುಸೀಮೆಯ ನಡುವೆ ಇರುವ ಈ ಪ್ರದೇಶದಲ್ಲಿ ಎಲೆಯುದುರುವ ಕಾಡು, ಕುರುಚಲು ಗಿಡಗಳು ಹಾಗೂ ಹುಲ್ಲುಗಾವಲು ಕಂಡುಬರುತ್ತವೆ. ಔಷಧೀಯ ಸಸ್ಯಗಳಿಗೆ ಹೆಸರಾದ ಈ ಗುಡ್ಡವು ಚಿರತೆ, ಕತ್ತೆಕಿರುಬ, ತೋಳ, ನರಿ ಹಾಗೂ ನವಿಲುಗಳ ನೆಲೆಯಾಗಿದೆ.

ಸಂರಕ್ಷಣೆಯ ಹಿನ್ನೆಲೆ

2015ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾದ ಕಪ್ಪತಗುಡ್ಡವು 2016ರಲ್ಲಿ ಆ ಸ್ಥಾನವನ್ನು ಕಳೆದುಕೊಂಡಿತು. ಚಿನ್ನದ ಗಣಿಗಾರಿಕೆಯ ಆತಂಕದಿಂದ 2017ರ ಫೆಬ್ರವರಿಯಲ್ಲಿ ಗದಗ ನಗರದಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ನೇತೃತ್ವದಲ್ಲಿ ಧರಣಿ ನಡೆಯಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಮೀಸಲು ಸ್ಥಾನ ಮರಳಿ ದೊರೆಯಿತು. 2019ರ ಮೇ ತಿಂಗಳಿನಲ್ಲಿ ಸುಮಾರು 244 ಚದರ ಕಿ.ಮೀ. ಪ್ರದೇಶವನ್ನು ವನ್ಯಜೀವಿ ಧಾಮವೆಂದು ಘೋಷಿಸಲಾಯಿತು.

ಮಾರ್ಗ ಹಾಗೂ ಪ್ರೇಕ್ಷಣೀಯ ಸ್ಥಳಗಳು

ಶಿರೋಳ ಹಾಗೂ ಸುತ್ತಲಿನ ಗ್ರಾಮಗಳವರು ನರಗುಂದ, ಗದಗ ಮೂಲಕ ಡಂಬಳ ಮಾರ್ಗವಾಗಿ ಡೋಣಿ ಗ್ರಾಮವನ್ನು ತಲುಪಬಹುದು. ಗುಡ್ಡದಲ್ಲಿ ಕಪ್ಪತ ಮಲ್ಲೇಶ್ವರ ದೇವಾಲಯವಿದೆ. ಡಂಬಳದಲ್ಲಿ ನಕ್ಷತ್ರಾಕಾರದ ತಳವಿನ್ಯಾಸವುಳ್ಳ, ಕಲ್ಯಾಣ ಚಾಲುಕ್ಯ ಶೈಲಿಯ ದೊಡ್ಡಬಸಪ್ಪ ದೇವಾಲಯವಿದೆ. ಅಲ್ಲಿಯ 1095ರ ಶಾಸನವು ಬೌದ್ಧ ವಿಹಾರ ಹಾಗೂ ತಾರಾದೇವಿಯನ್ನು ಉಲ್ಲೇಖಿಸುತ್ತದೆ.

ಅನುಮತಿ

ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಪ್ರಕರಣ 28ರಂತೆ ಪ್ರವಾಸ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ವನ್ಯಜೀವಿಗಳ ಅಧ್ಯಯನ ಹಾಗೂ ಧಾಮದಲ್ಲಿ ವಾಸಿಸುವವರೊಡನೆ ಕಾನೂನುಬದ್ಧ ವ್ಯವಹಾರಕ್ಕಾಗಿ ಪ್ರವೇಶಾನುಮತಿ ನೀಡಲಾಗುತ್ತದೆ. ಧಾಮದ ಮೂಲಕ ಹಾದುಹೋಗುವ ಸಾರ್ವಜನಿಕ ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಈ ಅನುಮತಿ ಅಗತ್ಯವಿಲ್ಲ. ಚಾರಣಕ್ಕೆ ತೆರಳುವವರು ಗದಗ ಅರಣ್ಯ ವಿಭಾಗದ ಕಛೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು.

ಪಾಲಿಸಬೇಕಾದ ನಿಯಮಗಳು

1. ಔಷಧೀಯ ಗಿಡ, ಬೇರು, ತೊಗಟೆಗಳನ್ನು ಸ್ವಂತ ಬಳಕೆಗಾಗಿಯೂ ಕೀಳುವಂತಿಲ್ಲ. ಬೇರುಸಹಿತ ಕಿತ್ತ ಗಿಡವು ಮತ್ತೆ ಚಿಗುರುವುದಿಲ್ಲ.
2. ಬೆಂಕಿ ಹಚ್ಚುವುದು ಹಾಗೂ ಉರಿಯುವ ಬೆಂಕಿಯನ್ನು ಬಿಟ್ಟುಬರುವುದು ಪ್ರಕರಣ 30ರಡಿ ನಿಷಿದ್ಧ. ಬೇಸಿಗೆಯಲ್ಲಿ ಒಣಹುಲ್ಲಿಗೆ ತಗುಲಿದ ಕಿಡಿಯು ಗಾಳಿಯೊಡನೆ ಬಹುದೂರ ಹರಡುತ್ತದೆ.
3. ಆಯುಧಗಳೊಡನೆ ಅನುಮತಿಯಿಲ್ಲದೆ ಪ್ರವೇಶಿಸುವಂತಿಲ್ಲ.
4. ವನ್ಯಪ್ರಾಣಿಗಳನ್ನು ಕೆಣಕಬಾರದು, ಆಹಾರ ನೀಡಬಾರದು.
5. ಕುಡಿಯುವ ನೀರನ್ನು ಜೊತೆಗೆ ಒಯ್ಯುವುದು, ಪ್ಲಾಸ್ಟಿಕ್ ತ್ಯಾಜ್ಯವನ್ನು ಮರಳಿ ತರುವುದು ಹಾಗೂ ಕತ್ತಲಾಗುವ ಮುನ್ನ ಹಿಂತಿರುಗುವುದು.

ಕಾಡ್ಗಿಚ್ಚು ಕಂಡುಬಂದಲ್ಲಿ ಸಮೀಪದ ಅರಣ್ಯ ಸಿಬ್ಬಂದಿಗೆ ಕೂಡಲೇ ತಿಳಿಸಬೇಕು. ಜನರ ಹೋರಾಟದಿಂದ ಉಳಿದ ಈ ಗುಡ್ಡದ ರಕ್ಷಣೆಗೆ ಸಾರ್ವಜನಿಕರ ಸಹಕಾರವನ್ನು ಕೋರಲಾಗಿದೆ.