ಪುಸ್ತಕದಿಂದ ಕೈಬಿಟ್ಟ ಸೂಲಗಿತ್ತಿಯರು

ಐಗುಪ್ತ ದೇಶದಲ್ಲಿ ಇಬ್ರಿಯರು ಜೀತ ಮಾಡುತ್ತಿದ್ದರು. ಇವರ ಸಂಖ್ಯೆ ಹೆಚ್ಚಿದರೆ ತಿರುಗಿ ಬಿದ್ದಾರು ಎಂದು ರಾಜ ಫರೋಹನಿಗೆ ಭಯ. ಶಿಪ್ರಾ, ಪೂಗಾ ಎಂಬ ಇಬ್ಬರು ಸೂಲಗಿತ್ತಿಯರಿಗೆ ಅವನು ಹೇಳಿದ: ಇಬ್ರಿಯರ ಹೆರಿಗೆಯಲ್ಲಿ ಗಂಡು ಮಗು ಹುಟ್ಟಿದರೆ ಕೊಂದುಬಿಡಿ. ಅವರು ಕೊಲ್ಲಲಿಲ್ಲ. ರಾಜ ಗದರಿದಾಗ, ಆ ಹೆಂಗಸರು ಬಲು ಗಟ್ಟಿ, ನಾವು ಹೋಗುವಷ್ಟರಲ್ಲೇ ಹೆತ್ತಿರುತ್ತಾರೆ ಎಂದು ಸಬೂಬು ಹೇಳಿದರು.

ಬೈಬಲ್‌ನ ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿರುವ ಕಥೆ ಇದು. ಹಸುಗೂಸುಗಳ ಕೊಲೆಯ ಮಾತಿದೆ, ಸುಳ್ಳೂ ಇದೆ; ಮಕ್ಕಳಿಗೆ ಹೇಗೆ ಹೇಳುವುದು ಎಂದು ಹಿರಿಯರು ಹಿಂಜರಿಯುತ್ತಾರೆ. ಹಿಂಜರಿಕೆ ಸಹಜವೇ. ಆದರೆ ಚರಿತ್ರೆಯಲ್ಲಿ ಈ ಕಥೆಯನ್ನು ಬಚ್ಚಿಟ್ಟವರೂ ಇದ್ದಾರೆ, ಅವರ ಕಾರಣವೇ ಬೇರೆ.

1807ರಲ್ಲಿ ಲಂಡನ್ನಿನಲ್ಲಿ ಒಂದು ಬೈಬಲ್ ಅಚ್ಚಾಯಿತು. ಬ್ರಿಟಿಷರ ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದ ಆಫ್ರಿಕಾದ ಗುಲಾಮರಿಗಾಗಿ ಆಯ್ದು ಮಾಡಿದ್ದು. ಪೂರ್ತಿ ಬೈಬಲ್‌ನಲ್ಲಿ 1,189 ಅಧ್ಯಾಯಗಳಿವೆ. ಇದರಲ್ಲಿದ್ದದ್ದು ಕೇವಲ 232. ಅಣ್ಣಂದಿರು ಮಾರಿಬಿಟ್ಟರೂ ನಿಯತ್ತಿನಿಂದ ದುಡಿದು ಮೇಲೆ ಬಂದ ಯೋಸೇಫನ ಕಥೆ ಇತ್ತು. ದಾಸರು ಧಣಿಗಳ ಮಾತು ಕೇಳಬೇಕೆಂಬ ಉಪದೇಶವೂ ಇತ್ತು. ಹತ್ತು ಆಜ್ಞೆಗಳಿದ್ದವು. ಆದರೆ ಮೋಶೆ ತನ್ನ ಜನರನ್ನು ಜೀತದಿಂದ ಬಿಡಿಸಿಕೊಂಡು ಹೋದ ಕಥೆ ಇರಲಿಲ್ಲ. ಸೂಲಗಿತ್ತಿಯರೂ ಇರಲಿಲ್ಲ.

ಆ ಹೊತ್ತು ಎಂಥದ್ದು ನೋಡಿ. ಪಕ್ಕದ ಹೈಟಿಯಲ್ಲಿ 1791ರಲ್ಲಿ ಗುಲಾಮರು ದಂಗೆ ಎದ್ದು, 1804ರಲ್ಲಿ ಸ್ವತಂತ್ರ ದೇಶವನ್ನೇ ಕಟ್ಟಿಕೊಂಡಿದ್ದರು. ತೋಟದ ಮಾಲೀಕರಿಗೆ ನಿದ್ದೆ ಇರಲಿಲ್ಲ.

ಪುಟ ತೆಗೆದರೂ ಕಥೆ ನಿಲ್ಲಲಿಲ್ಲ. ಜಮೈಕಾದಲ್ಲಿ ಸ್ಯಾಮ್ ಶಾರ್ಪ್ ಎಂಬ ಗುಲಾಮ ಇದ್ದ. ಓದು ಬಲ್ಲವನು, ಬ್ಯಾಪ್ಟಿಸ್ಟ್ ಸಭೆಯ ಮುಖಂಡ. ಒಬ್ಬ ಮನುಷ್ಯ ಇನ್ನೊಬ್ಬನನ್ನು ಆಳಾಗಿ ಇಟ್ಟುಕೊಳ್ಳುವ ಹಕ್ಕು ಬೈಬಲ್‌ನಲ್ಲಿಲ್ಲ ಎಂದು ಅವನು ಕಂಡುಕೊಂಡ. 1831ರ ಕ್ರಿಸ್ಮಸ್ ಕಳೆದ ಮೇಲೆ, ಕೂಲಿ ಕೊಡದೆ ಕೆಲಸ ಮಾಡುವುದಿಲ್ಲ ಎಂದು ಜನರನ್ನು ಒಗ್ಗೂಡಿಸಿದ. ಅದು ದಂಗೆಯಾಯಿತು. 300ಕ್ಕೂ ಹೆಚ್ಚು ಜನರಿಗೆ ಮರಣದಂಡನೆಯಾಯಿತು. 1832ರ ಮೇ ತಿಂಗಳಲ್ಲಿ ಶಾರ್ಪ್‌ನನ್ನೂ ಗಲ್ಲಿಗೇರಿಸಿದರು.

ಮರುವರ್ಷವೇ, 1833ರಲ್ಲಿ, ಬ್ರಿಟಿಷ್ ಸಂಸತ್ತು ಗುಲಾಮಗಿರಿ ತೆಗೆಯುವ ಕಾಯ್ದೆ ಮಾಡಿತು. 1834ರ ಆಗಸ್ಟ್ 1ರಂದು ಅದು ಜಾರಿಯಾದಾಗ ಕೂಡಲೇ ಪೂರ್ತಿ ಬಿಡುಗಡೆ ಸಿಕ್ಕಿದ್ದು ಆರು ವರ್ಷದೊಳಗಿನ ಮಕ್ಕಳಿಗೆ. ದೊಡ್ಡವರು ಅದೇ ಧಣಿಗಳ ಬಳಿ 1838ರವರೆಗೆ ದುಡಿಯಬೇಕಾಯಿತು. ಪರಿಹಾರವಾಗಿ 2 ಕೋಟಿ ಪೌಂಡ್ ಕೊಟ್ಟರು. ಅದು ಹೋದದ್ದು ಮಾಲೀಕರಿಗೆ, ದುಡಿದವರಿಗೆ ಬಿಡಿಗಾಸೂ ಇಲ್ಲ.

ಆದ್ದರಿಂದ ನಾವು ಹೇಳುವುದಿಷ್ಟು. ಯಾವುದೇ ಧರ್ಮದ ಗ್ರಂಥವಿರಲಿ, ಮಕ್ಕಳಿಗೆ ಬರೀ ವಿಧೇಯತೆಯ ಕಥೆಗಳನ್ನೇ ಹೇಳಿದರೆ ಅರ್ಧ ಪುಸ್ತಕ ಕೊಟ್ಟಂತೆ. ವಯಸ್ಸಿಗೆ ತಕ್ಕಂತೆ ಹೇಳಿ. ಕ್ರೌರ್ಯವನ್ನು ಬಣ್ಣಿಸುವುದು ಬೇಡ, ಮುಚ್ಚಿಡುವುದೂ ಬೇಡ. ಸೂಲಗಿತ್ತಿಯರು ಸುಳ್ಳು ಹೇಳಿದ್ದು ಸರಿಯೇ ಎಂದು ಮಗು ಕೇಳೇ ಕೇಳುತ್ತದೆ. ಕೂಡಲೇ ಉತ್ತರ ಕೊಡಬೇಡಿ. ನಿಜ ಹೇಳಿದ್ದರೆ ಆ ಕೂಸುಗಳ ಗತಿ ಏನಾಗುತ್ತಿತ್ತು ಎಂದು ತಿರುಗಿ ಕೇಳಿ. ಇನ್ನೊಂದು ಮಾತನ್ನೂ ತೋರಿಸಿಕೊಡಿ: ಫರೋಹ ಎಂಬುದು ಪದವಿ. ಆ ರಾಜನ ಹೆಸರೇನೆಂದು ಕಥೆ ಹೇಳುವುದಿಲ್ಲ, ಸೂಲಗಿತ್ತಿಯರ ಹೆಸರು ಹೇಳುತ್ತದೆ. ಯಾಕಿರಬಹುದು ಎಂದು ಮಕ್ಕಳೇ ಯೋಚಿಸಲಿ.