ನಿರ್ವಚನ ಪ್ರಬಂಧದ ಪೂರ್ವೋತ್ತರ

ಒಂದು ಪದದ ಅಥವಾ ಪರಿಕಲ್ಪನೆಯ ವ್ಯಾಪ್ತಿ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನೇ ವಿಷಯವಾಗಿಸಿಕೊಂಡು, ಉದಾಹರಣೆ, ಪ್ರತ್ಯುದಾಹರಣೆ ಹಾಗೂ ಆಕ್ಷೇಪ-ಸಮಾಧಾನಗಳ ಮೂಲಕ ಅದನ್ನು ಗೊತ್ತುಪಡಿಸುವ ಬರೆಹವನ್ನು ನಿರ್ವಚನ ಪ್ರಬಂಧ ಎನ್ನಬಹುದು. ನಿಘಂಟು ಒಂದೇ ಸಾಲಿನಲ್ಲಿ ಮುಗಿಸುವ ಕೆಲಸಕ್ಕೆ ಇಡೀ ಪ್ರಬಂಧವೇಕೆ ಎಂಬ ಪ್ರಶ್ನೆಗೆ ಈ ಪ್ರಕಾರದ ಚರಿತ್ರೆಯಲ್ಲೇ ಉತ್ತರವಿದೆ: ನಿಘಂಟು ಬಳಕೆಯಲ್ಲಿ ನೆಲೆನಿಂತ ಅರ್ಥವನ್ನು ದಾಖಲಿಸುತ್ತದೆ, ಪ್ರಬಂಧವಾದರೋ ಅರ್ಥದ ಬಗ್ಗೆ ತಕರಾರು ಎದ್ದಾಗ ಹುಟ್ಟುತ್ತದೆ.

‘ನಿರ್ವಚನ’ ಎಂಬ ಮಾತು ಯಾಸ್ಕನ ನಿರುಕ್ತದ ಪರಂಪರೆಗೆ ಸೇರಿದ್ದು. ಅಲ್ಲಿ ಅದರ ಅರ್ಥ, ಪದವನ್ನು ಧಾತುವಿನವರೆಗೆ ಒಡೆದು ಬಿಡಿಸಿ ಹೇಳುವುದು. ಪದದ ಮೂಲವನ್ನು ಹೇಳಿ ಪ್ರಬಂಧ ಆರಂಭಿಸುವ ಇಂದಿನ ರೂಢಿ ಇದಕ್ಕೆ ದೂರದ ನಂಟು. ಆದರೆ ವ್ಯುತ್ಪತ್ತಿ ಪದದ ಹುಟ್ಟನ್ನು ತಿಳಿಸೀತೇ ಹೊರತು ಅದರ ಈಗಿನ ಬಾಳನ್ನಲ್ಲ. ‘ಕುಶಲ’ನೆಂದರೆ ಮೂಲದಲ್ಲಿ ದರ್ಭೆ ಕೊಯ್ಯುವವನೆಂದು ಬಿಡಿಸಿ, ಬಳಕೆಯಲ್ಲಿ ಮಾತ್ರ ಅದು ನಿಪುಣನೆಂಬ ಅರ್ಥಕ್ಕೆ ರೂಢವಾಗಿದೆಯೆಂದು ಆಲಂಕಾರಿಕರೇ ತೋರಿಸಿಕೊಟ್ಟಿದ್ದಾರೆ.

ಶಾಸ್ತ್ರದ ಕೆಲಸವನ್ನು ಉದ್ದೇಶ, ಲಕ್ಷಣ, ಪರೀಕ್ಷೆ ಎಂದು ಮೂರಾಗಿ ವಿಂಗಡಿಸಿದ್ದು ನ್ಯಾಯಭಾಷ್ಯವನ್ನು ಬರೆದ ವಾತ್ಸ್ಯಾಯನ. ವಸ್ತುವನ್ನು ಹೆಸರಿಸುವುದು ಉದ್ದೇಶ, ಅದನ್ನು ಉಳಿದೆಲ್ಲದರಿಂದ ಬೇರ್ಪಡಿಸುವ ಧರ್ಮವನ್ನು ಹೇಳುವುದು ಲಕ್ಷಣ, ಹೇಳಿದ್ದು ಸರಿಹೊಂದುತ್ತದೆಯೇ ಎಂದು ತೂಗಿ ನೋಡುವುದು ಪರೀಕ್ಷೆ. ಈ ತೂಕದ ಬಟ್ಟುಗಳು ಮೂರೇ, ಮತ್ತು ಅನ್ನಂಭಟ್ಟನ ತರ್ಕಸಂಗ್ರಹವನ್ನು ಅವನದೇ ದೀಪಿಕೆಯೊಂದಿಗೆ ಓದಿದವರಿಗೆ ಅಲ್ಲಿನ ಹಸುವಿನ ಉದಾಹರಣೆ ಮರೆಯುವಂಥದಲ್ಲ. ಹಸುವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಹಸು ಹೊರಗುಳಿಯುತ್ತದೆ, ಇದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುತ್ತದೆ, ಇದು ಅತಿವ್ಯಾಪ್ತಿ. ಸೀಳಿಲ್ಲದ ಒಂಟಿ ಗೊರಸಿನದು ಎಂದರೆ ಒಂದು ಹಸುವಿಗೂ ಹೊಂದುವುದಿಲ್ಲ, ಇದು ಅಸಂಭವ. ಗ್ರೀಸಿನಲ್ಲಿ ಅರಿಸ್ಟಾಟಲ್ ಜಾತಿಯನ್ನು ಹೇಳಿ ಅದರೊಳಗಿನ ಭೇದಕ ಗುಣವನ್ನು ಸೇರಿಸುವ ಕ್ರಮವನ್ನು ರೂಪಿಸಿದನಾದರೂ, ಸಿದ್ಧವಾದ ಲಕ್ಷಣವನ್ನು ವಿಶ್ಲೇಷಿಸಲು ನೈಯಾಯಿಕರ ಈ ಮೂರು ದೋಷಗಳಷ್ಟು ಚುರುಕಾದ ಉಪಕರಣ ಇನ್ನೊಂದಿಲ್ಲ.

ಈ ಉಪಕರಣದ ನಿಜವಾದ ಪ್ರಯೋಗಶಾಲೆ ಕಾವ್ಯಮೀಮಾಂಸೆ. ಶಬ್ದಾರ್ಥಗಳ ಕೂಟವೇ ಕಾವ್ಯವೆಂದು ಭಾಮಹ ಸುಲಭವಾಗಿ ಹೇಳಿ ಮುಂದೆ ಸಾಗಿದ್ದ. ಕಾಶ್ಮೀರದ ಮಮ್ಮಟ 11ನೆಯ ಶತಮಾನದಲ್ಲಿ ಅದಕ್ಕೆ ಷರತ್ತುಗಳನ್ನು ಜೋಡಿಸಿ, ದೋಷವಿಲ್ಲದ, ಗುಣವುಳ್ಳ, ಕೆಲವೆಡೆ ಅಲಂಕಾರ ಇಲ್ಲದಿದ್ದರೂ ಸಲ್ಲುವ ಶಬ್ದಾರ್ಥಗಳು ಕಾವ್ಯವೆಂದ. 14ನೆಯ ಶತಮಾನದ ವಿಶ್ವನಾಥ ‘ದೋಷವಿಲ್ಲದ’ ಎಂಬ ಮಾತನ್ನೇ ಮೊದಲು ಹಿಡಿದುಕೊಂಡ. ರಾವಣನು ತನ್ನ ಪಾಡಿಗೆ ತಾನೇ ಹೇಸಿಕೊಳ್ಳುವ ಪದ್ಯವೊಂದು ಉತ್ತಮ ಧ್ವನಿಕಾವ್ಯವೆಂದು ಎಲ್ಲರೂ ಒಪ್ಪಿದ್ದು, ಅದರಲ್ಲೇ ಪ್ರಧಾನವಾಗಿ ಹೇಳಬೇಕಾದ ಅಂಶ ಹಿಂದೆ ಸರಿದಿರುವ ವಾಕ್ಯದೋಷವೂ ಇದೆ; ಹಾಗಾದರೆ ಅದು ಕಾವ್ಯವಲ್ಲವೇ? ಹುಳು ಕೊರೆದ ರತ್ನ ಬೆಲೆಯಲ್ಲಿ ಇಳಿದೀತೇ ವಿನಾ ರತ್ನವಾಗಿರುವುದನ್ನು ಬಿಡುವುದಿಲ್ಲವೆಂಬುದು ಅವನ ವಾದ. ಆದರೆ ಅವನು ತಾನಾಗಿ ಮುಂದಿಟ್ಟ, ರಸವೇ ಆತ್ಮವಾದ ವಾಕ್ಯ ಕಾವ್ಯವೆಂಬ ಲಕ್ಷಣಕ್ಕೂ ಅದೇ ಗತಿಯಾಯಿತು. ಹರಿವ ನೀರಿನ ರಭಸವನ್ನೋ ಕಪಿಗಳ, ಮಕ್ಕಳ ಆಟವನ್ನೋ ಮಹಾಕವಿಗಳು ಬಣ್ಣಿಸಿದ್ದು ಇದರಿಂದ ಕಾವ್ಯದ ಹೊರಗಾಗುತ್ತದೆಂದು 17ನೆಯ ಶತಮಾನದ ಜಗನ್ನಾಥ ಪಂಡಿತ ಆಕ್ಷೇಪಿಸಿ, ರಮಣೀಯವಾದ ಅರ್ಥವನ್ನು ತಿಳಿಸುವ ಶಬ್ದವೆಂದು ಲಕ್ಷಣವನ್ನು ಮತ್ತೆ ಹಿಗ್ಗಿಸಿದ. ಆರು ಶತಮಾನಗಳ ಈ ಜಗಳದಲ್ಲಿ ಗೆದ್ದವರು ಯಾರೆಂಬುದಕ್ಕಿಂತ, ಪ್ರತಿಯೊಬ್ಬನೂ ಎದುರಾಳಿಯ ಲಕ್ಷಣದಿಂದ ಹೊರಬಿದ್ದ ಒಂದು ನಿರ್ದಿಷ್ಟ ಕೃತಿಯನ್ನೋ ವರ್ಣನೆಯನ್ನೋ ಎತ್ತಿ ಹಿಡಿದ ಎಂಬುದು ಗಮನಾರ್ಹ.

ಕನ್ನಡದಲ್ಲಿ 9ನೆಯ ಶತಮಾನದ ಕವಿರಾಜಮಾರ್ಗ ದಂಡಿಯ ಕಾವ್ಯಾದರ್ಶಕ್ಕೆ ಬಹುವಾಗಿ ಋಣಿಯಾದ ಕೃತಿ. ಆದರೆ ಕನ್ನಡ ನಾಡನ್ನು ಗುರುತಿಸುವಾಗ ಅದು ಅನುಸರಿಸಿದ ಕ್ರಮ ಬೇರೆಯೇ. ಕಾವೇರಿಯಿಂದ ಗೋದಾವರಿಯವರೆಗೆ ಎಂದು ಮೊದಲು ಎಲ್ಲೆಯನ್ನು ಹೇಳಿ, ಬಳಿಕ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಪ್ರದೇಶವನ್ನು ಕನ್ನಡದ ತಿರುಳೆಂದು ಅದು ಎತ್ತಿ ತೋರಿಸುತ್ತದೆ. ಎಲ್ಲೆಯೊಂದನ್ನೇ ಹೇಳಿದ್ದರೆ ಒಳಗಿರುವುದೆಲ್ಲ ಸಮಾನವಾಗುತ್ತಿತ್ತು; ತಿರುಳನ್ನೂ ಹೇಳಿದ್ದರಿಂದ ಅಂಚಿನಲ್ಲಿರುವುದು ಕನ್ನಡವಾಗಿಯೂ ತುಸು ಸಡಿಲವಾದ ಕನ್ನಡವಾಗಿ ಉಳಿಯಿತು.

ಎಲ್ಲೆಗಿಂತ ತಿರುಳು ಮುಖ್ಯವೆಂಬ ನೋಟಕ್ಕೆ ಪಶ್ಚಿಮದಲ್ಲಿ ಬಲ ಬಂದದ್ದು ತೀರ ತಡವಾಗಿ. ತತ್ತ್ವಜ್ಞ ರಿಚರ್ಡ್ ರಾಬಿನ್ಸನ್ ನಿರ್ವಚನವನ್ನೇ ಕುರಿತ 1950ರ ತನ್ನ ಪುಸ್ತಕದಲ್ಲಿ, ಬಳಕೆಯ ಅರ್ಥವನ್ನು ವರದಿ ಮಾಡುವ ನಿರ್ವಚನವನ್ನೂ ಲೇಖಕ ತನ್ನ ಬರೆಹದ ಮಟ್ಟಿಗೆ ವಿಧಿಸಿಕೊಳ್ಳುವ ನಿರ್ವಚನವನ್ನೂ ಬೇರೆಬೇರೆಯಾಗಿ ಚರ್ಚಿಸಿದ. 1953ರಲ್ಲಿ ಪ್ರಕಟವಾದ ವಿಟ್ಗೆನ್‌ಸ್ಟೈನನ ಗ್ರಂಥ, ‘ಆಟ’ವೆಂದು ಕರೆಯುವ ಎಲ್ಲದಕ್ಕೂ ಸಾಧಾರಣವಾದ ಒಂದು ಗುಣ ಸಿಗುವುದಿಲ್ಲ, ಒಂದೇ ಮನೆತನದವರ ಮುಖಗಳಲ್ಲಿ ಕಾಣುವಂಥ ಹೋಲಿಕೆಗಳಷ್ಟೇ ಸಿಗುತ್ತವೆ ಎಂದಿತು. 1956ರಲ್ಲಿ ಗ್ಯಾಲಿ ಎಂಬ ತತ್ತ್ವಜ್ಞ ಕಲೆ, ಪ್ರಜಾಪ್ರಭುತ್ವ ಮುಂತಾದ ಪರಿಕಲ್ಪನೆಗಳ ಸ್ವಭಾವದಲ್ಲೇ ವಿವಾದ ಅಡಗಿದೆಯೆಂದು ವಾದಿಸಿದ.

ಕನ್ನಡದಲ್ಲಿ ಈ ಮಾತಿಗೆ ಹತ್ತಿರದ ನಿದರ್ಶನ ‘ದಲಿತ ಸಾಹಿತ್ಯ’ವೆಂಬ ಪದ. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಹೊರಬಂದ ಕಾಲದಿಂದ ಅದರ ಲಕ್ಷಣದ ಚರ್ಚೆ ನಡೆದೇ ಇದೆ. ದಲಿತರು ಬರೆದದ್ದು ಎಂದರೆ ದಲಿತ ಕವಿಯೊಬ್ಬ ಬರೆದ ಬರಿಯ ಪ್ರೇಮಗೀತೆಯೂ ಒಳಗೆ ಬರುತ್ತದೆ. ದಲಿತರ ನೋವನ್ನು ಕುರಿತದ್ದು ಎಂದರೆ ಶಿವರಾಮ ಕಾರಂತರ ‘ಚೋಮನ ದುಡಿ’ಯೂ ಸೇರುತ್ತದೆ, ಅದನ್ನು ಸೇರಿಸಿಕೊಳ್ಳಲು ಒಪ್ಪುವವರಿಗೆ ಇದು ವ್ಯಾಪ್ತಿ, ಒಪ್ಪದವರಿಗೆ ಅತಿವ್ಯಾಪ್ತಿ. ಪ್ರತಿರೋಧದ ಆಶಯವನ್ನು ಷರತ್ತಾಗಿಸಿದರೆ ಊರು-ಕೇರಿಯ ದಿನನಿತ್ಯವನ್ನು ನಗುತ್ತ ಹೇಳುವ ಬರೆಹಗಳ ಸ್ಥಾನ ಅಳ್ಳಾಡುತ್ತದೆ. ಆದುದರಿಂದ ಈ ಪದವನ್ನು ಕುರಿತ ಪ್ರಬಂಧವೊಂದನ್ನು ವಿಶ್ಲೇಷಿಸುವವರು ಅದರ ಲಕ್ಷಣವಾಕ್ಯಕ್ಕೆ ಅಡಿಗೆರೆ ಎಳೆಯುವ ಮೊದಲು, ‘ಚೋಮನ ದುಡಿ’ಯನ್ನು ಲೇಖಕರು ಗೆರೆಯ ಯಾವ ಬದಿಗೆ ಇರಿಸಿದ್ದಾರೆ, ಇರಿಸಿದ್ದಕ್ಕೆ ಕಾರಣವನ್ನು ಕೊಟ್ಟಿದ್ದಾರೆಯೇ ಎಂದು ನೋಡುವುದು ಮೇಲು; ಅಂಥ ಕೃತಿಯೊಂದರ ಹೆಸರನ್ನೇ ಎತ್ತದೆ ಮುಗಿಯುವ ಪ್ರಬಂಧದಲ್ಲಿ ಉದ್ದೇಶ, ಲಕ್ಷಣಗಳಿರಬಹುದು, ಪರೀಕ್ಷೆ ಮಾತ್ರ ನಡೆದಿರುವುದಿಲ್ಲ.